ಎಪ್ಪತ್ತೈದು ಗುಲಗಂಜಿ

ಬಳ್ಳಾರಿಯ ಕೌಲ್ ಬಜಾರಿನ ಸಂದಿಯಲ್ಲಿ
ಹೊಲಿಗೆಯಂಗಡಿಗೂ ಸೈಕಲ್ ರಿಪೇರಿಗೂ ನಡುವೆ
ಹೊನ್ನೂರಸಾಬನ ಬಂದೂಕಿನಂಗಡಿ.
ದರ್ಜಿಯ ಹಾಗೆ ಅವನೂ ಮೊದಲು ಅಳತೆ ತೆಗೆಯುತ್ತಿದ್ದ:
ಕೊರಳಿಂದ ಭುಜದ ತುದಿಗೆ,
ಭುಜದಿಂದ ತೋರುಬೆರಳಿಗೆ.

ನನ್ನ ಸರದಿಗೆ ಟೇಪು ಕೆಳಗಿಟ್ಟ.
ಕುಪ್ಪಸದಂಚಿಗೆ ಇಣುಕುತ್ತಿದ್ದ ಕಲೆ ನೋಡಿ
"ನೀಲವ್ವಾ, ಹೆಸರು ಭುಜಕ್ಕೂ ಇಳೀತಲ್ಲಮ್ಮ" ಅಂದ.

ಅಪ್ಪನ ಹಳೇ ರೈಫಲ್ಲು ಅದು. ಹುಲಿಗೆಂದು ತಂದದ್ದು,
ಹುಲಿಯೇ ಇಲ್ಲದ ಸಿರುಗುಪ್ಪದ ಎರೆಹೊಲಕ್ಕೆ.
ಹಾರಿಸಿದರೆ ಕತ್ತೆ ಒದ್ದ ಹಾಗೆ.
ಆ ವರ್ಷ ಅಪ್ಪನ ಕೈಗೆ ನಡುಕ ಹೊಕ್ಕಿತ್ತು.
ಲೈಸೆನ್ಸು ಅವನದು, ಕಣ್ಣು ನನ್ನದು
ಎಂದು ಮನೆಯೊಳಗೆ ಒಪ್ಪಂದ.
ಕಡಲೆಗೆ ಬೀಳುವ ಚಿಗರಿಗಳಿಗೆ ಗುರಿಯಿಟ್ಟು
ಮೂರು ಸಲ ತಪ್ಪಿದ್ದೆ.
ನಾಲ್ಕನೆಯ ಸಲ ಒಂದರ ಕಾಲು ಮುರಿಯಿತು.
ಮೂರೇ ಕಾಲಲ್ಲಿ ಅದು ಹಗರಿ ಹೊಳೆ ದಾಟಿತೆಂದು
ಕುರಿಯವರು ಬಂದು ಹೇಳಿದರು.

ಇದನ್ನು ಸಾಬನಿಗೆ ಅಪ್ಪ ಹೇಳಲಿಲ್ಲ. ನಾನು ಹೇಳಿದೆ.

ಅವನು ಹಳೇ ಪೇಪರು ಹಾಸಿ
ತೋಟಾಗಳನ್ನು ಸಾಲಾಗಿ ನಿಲ್ಲಿಸಿದ,
ಮದುವೆ ಫೋಟೋಕ್ಕೆ ಬೀಗರನ್ನು ನಿಲ್ಲಿಸಿದಂತೆ,
ಎತ್ತರದವರು ಹಿಂದೆ.
"ಇದು ಆನೆಗೆ. ಇದು ಕಾಡುಕೋಣಕ್ಕೆ.
ಇದು ಸಾಹೇಬರ ಜಂಬಕ್ಕೆ."
ಒಂದೊಂದನ್ನೇ ಬೆರಳಿಂದ ಕೆಡವಿದ.
ಉಳಿದದ್ದು ಒಂದು, ಸಣ್ಣ ಕೊರಳಿನ ತೆಳ್ಳನೆಯದು:
ಇನ್ನೂರ ಎಪ್ಪತ್ತೈದು.

ಅಪ್ಪ ಮೂಗು ಮುರಿದ. "ಮೊಲಕ್ಕಾತು ಬಿಡು."
ಸಾಬ ಎದುರಿನ ಅಕ್ಕಸಾಲಿಯ ತಕ್ಕಡಿ ತರಿಸಿ
ಒಂದು ತಟ್ಟೆಗೆ ಬರೀ ಗುಂಡು ಹಾಕಿದ,
ಇನ್ನೊಂದಕ್ಕೆ ಗುಲಗಂಜಿ.
ಎಪ್ಪತ್ತೈದಕ್ಕೆ ಮುಳ್ಳು ನೆಟ್ಟಗಾಯಿತು.
"ತೊಲಕ್ಕೂ ಕಮ್ಮಿ, ಗೌಡ್ರೇ.
ಇಷ್ಟೇ ಬಂಗಾರಕ್ಕೆ ಎಷ್ಟು ಮನಿ ಮುರಿದಿಲ್ಲ?"

ಆಮೇಲೆ ನನ್ನ ಕಡೆ ತಿರುಗಿದ.
"ಒದೆ ತಿಂದ ಭುಜ ಅಂಜ್ತೈತೆ.
ಅಂಜಿದ ಕಣ್ಣು ಕುದುರೆ ಎಳೆಯೋಕೆ ಮುಂಚೇನೆ ಮುಚ್ತೈತೆ.
ಕಾಲು ಮುರಿದದ್ದು ಆ ಮುಚ್ಚಿದ ಕಣ್ಣಮ್ಮ, ತೋಟಾ ಅಲ್ಲ.
ಇದು ಮುನ್ನೂರು ಗಜಕ್ಕೆ ಒಂದು ಗೇಣು ಇಳೀತೈತೆ,
ಅಷ್ಟು ಮೇಲಿಡು.
ಹೊಳೆ ಕಡೆ ಗಾಳಿ ಇದ್ರೆ ಒಂಚೂರು ಪಕ್ಕಕ್ಕೆ ಬಿಡು.
ಬಿಸಿಲ್ಗುದುರೆ ಎದ್ದ ಮ್ಯಾಲೆ
ಈ ಕುದುರೆ ಮುಟ್ಟಬ್ಯಾಡ."

ಯಾರೋ ಒತ್ತೆಯಿಟ್ಟು ಬಿಡಿಸದೆ ಹೋದ ರೈಫಲ್ಲು,
ಮೇಲೊಂದು ದುರ್ಬೀನು, ಇಪ್ಪತ್ತು ತೋಟಾದ ಡಬ್ಬಿ.
ಹುಲಿಯ ಬಂದೂಕು ಸಾಬನ ಗೋಡೆಗೆ ಹೋಯಿತು.

ಮಾಘದ ಬೆಳಗು.
ಕಡಲೆಯ ಹುಳಿ ಸೆರಗಿಗೆಲ್ಲ ಹತ್ತಿ
ಬದುವಿನ ಮೇಲೆ ಬೋರಲು ಮಲಗಿದ್ದೆ.
ದೂರದಲ್ಲಿ ಕರಿಬೆನ್ನಿನ ಗಂಡು, ಒಂಟಿ.
ಗೇಣು ಮೇಲಿಟ್ಟೆ. ಗಾಳಿ ಇರಲಿಲ್ಲ.
ಒದೆ ಅಂದರೆ ಎಮ್ಮೆಗರು ಮೂತಿಯಿಂದ ತಿವಿದಷ್ಟು.

ಸಾಬ ಇದೊಂದನ್ನು ಹೇಳಿರಲಿಲ್ಲ.
ದೊಡ್ಡ ಬಂದೂಕು ಒದೆಯುವಾಗ ನಳಿಗೆ ಮೇಲೇಳುತ್ತದೆ,
ಕಣ್ಣಿಗೆ ಆಕಾಶ ಸಿಗುತ್ತದೆ.
ಮತ್ತೆ ಇಳಿಸಿ ನೋಡುವಷ್ಟರಲ್ಲಿ
ಆಗಬೇಕಾದ್ದು ಆಗಿ ಹೋಗಿರುತ್ತದೆ.
ಇದು ಅಲುಗಲಿಲ್ಲ. ಕಣ್ಣು ಅಲ್ಲೇ ಇತ್ತು.
ಪಕ್ಕೆಯ ಕೂದಲು ಒಮ್ಮೆ ನಿಮಿರಿದ್ದು,
ಮುಂಗಾಲು ಮಡಿಚಿದ್ದು,
ಬಾಯಲ್ಲಿ ಕಡಲೆಯ ಟೊಂಗೆ ಕಚ್ಚಿಕೊಂಡೇ
ದವಡೆ ಜಗಿದದ್ದು,
ಇನ್ನೊಮ್ಮೆ ಜಗಿದದ್ದು.

"ಬಿತ್ತೇನು?" ಅಪ್ಪ ಕೇಳಿದ, ಹಿಂದಿನಿಂದ.

ಸೋಮವಾರ ಬಸ್ಸು ಹತ್ತಿ ಡಬ್ಬಿ ವಾಪಸು ಒಯ್ದೆ.
ಸಾಬ ಎಣಿಸಿದ. ಹತ್ತೊಂಬತ್ತು.
"ಭುಜ?"
"ಏನೂ ಆಗಿಲ್ಲ."
ಅವನು ಭುಜ ನೋಡಲಿಲ್ಲ, ಕಣ್ಣು ನೋಡಿದ.
ಒಂದರ ದುಡ್ಡು ಹಿಡಕೊಂಡು ಮಿಕ್ಕದ್ದು
ಗಲ್ಲಾದಿಂದ ಬಾಚಿ ಕೊಟ್ಟ.

ತಿರುಗಿ ಬರುವಾಗ ಟಿಕೀಟಿಗೆಂದು ಅಂಗೈ ಬಿಚ್ಚಿದರೆ
ಚಿಲ್ಲರೆಯ ನಡುವೆ ಒಂದು ಗುಲಗಂಜಿ,
ಕರೀ ಚುಕ್ಕೆ ಮೇಲಾಗಿ.
ಕಂಡಕ್ಟರು ಅದನ್ನು ಉಗುರಲ್ಲಿ ಸರಿಸಿ
"ಇದು ನಡಿಯೂದಿಲ್ಲಮ್ಮ" ಅಂದ,
"ಬ್ಯಾರೆ ಕೊಡು."