ಎಲ್ಲಿ ತಟ್ಟುತ್ತೆ

ಪಿ-ಯಿಂದ ಆರ್-ಗೆ ಎಳೆದರೆ ಒಂದು ಗುದ್ದು,
ಎನ್ ದಾಟಿ ಡಿ-ಗೆ ಇಳಿಸಿದರೆ ಇನ್ನೊಂದು.
ಹಮಾಲಿಯೊಬ್ಬ ಹೊತ್ತ ಮೂಟೆಯನ್ನು ಜಗಲಿಯ ಮೇಲೆ
ಹೇಳದೆ ಕೇಳದೆ ಕೆಡವಿದ ಹಾಗೆ.

ಮೊದಮೊದಲು ಬೆಳಗಿನ ಹೊತ್ತು ಮಾತ್ರ.
ಆಮೇಲೆ ಆಲೂರಿನ ರೈಲ್ವೆ ಗೇಟಿನಲ್ಲಿ ಕಾದು ಹೊರಟಾಗಲೂ.
ಖಜಾನೆಯ ಗುಮಾಸ್ತೆ ನಾನು, ಬರೆದಿಟ್ಟುಕೊಂಡೆ
ಹಳೆಯ ಚಲನ್ನಿನ ಬೆನ್ನಿಗೆ:
ತಣ್ಣಗಿದ್ದಾಗ ಮೆತ್ತಗೆ. ಬಿಸಿಯಾದ ಮೇಲೆ ಜೋರು.
ಏಸಿ ಹಾಕಿದರೆ ಇನ್ನೂ ಜೋರು.
ಏರಿನಲ್ಲಿ, ಹೇಳುವುದೇ ಬೇಡ.

ಬಿ.ಎಂ. ರಸ್ತೆಯ ಗಾಜಿನ ಶೋರೂಮಿನವನು
ಬಾನೆಟ್ಟು ಕೂಡ ಎತ್ತಲಿಲ್ಲ.
"ಗೇರ್‌ಬಾಕ್ಸ್ ಹೋಗಿದೆ ಮೇಡಂ, ಲಕ್ಷದ ಹತ್ತಿರ ಆಗುತ್ತೆ.
ಅದರ ಬದಲು ಮಾರಿಬಿಟ್ಟು ಮ್ಯಾನುಯಲ್ ತಗೊಳ್ಳಿ"
ಎಂದವನ ಕಣ್ಣು ಆಮೇಲೆ ನನ್ನ ಕ್ಯಾಲಿಪರಿಗೆ ಇಳಿದು
ಪೆನ್ನಿನ ಮುಚ್ಚಳ ಹುಡುಕತೊಡಗಿತು.

ಎರಡನೇ ವರ್ಷಕ್ಕೆ ಬಂದ ಜ್ವರ
ಎಡಗಾಲಿನ ಬಲ ಒಯ್ದಿತ್ತು.
ಕ್ಲಚ್ಚು ತುಳಿಯಲಾರದ ಆ ಕಾಲಿಗೆಂದೇ
ಇಪ್ಪತ್ತೊಂದು ವರ್ಷದ ಈ ಬೂದು ಗಾಡಿ.
ಹಲ್ಲಿನ ಡಾಕ್ಟರೊಬ್ಬರಿಂದ ಕೊಂಡದ್ದು,
ಡ್ಯಾಶ್‌ಬೋರ್ಡಿಗೆ ಈಗಲೂ ಲವಂಗದ ವಾಸನೆ.

ಜಬೀಉಲ್ಲಾನ ಶೆಡ್ಡು ಆಲೂಗಡ್ಡೆ ಮಂಡಿಯ ಹಿಂದೆ.
ಡಿಪ್‌ಸ್ಟಿಕ್ ಎಳೆದ, ಬಿಳಿ ಬಟ್ಟೆಗೆ ಒರೆಸಿದ,
ಮೂಗಿಗೆ ಹಿಡಿದ.
"ಸುಟ್ಟ ವಾಸನೆ ಇಲ್ಲ. ಬಣ್ಣ ಕಂದಿದೆ, ಇರಲಿ.
ಹಳೇ ಆಯಿಲ್ ಮಲಗಿರ್ತದೆ ಅಕ್ಕ, ಎಬ್ಬಿಸಬಾರ್ದು."
ಐಡಲ್ ನೋಡಿದ. ಮುಳ್ಳು ಅಲ್ಲಾಡಲಿಲ್ಲ.
ಗೋಣಿ ಹಾಸಿ ಕೆಳಗೆ ತೂರಿ
ಆಕ್ಸಲ್ ಹಿಡಿದು ತಿರುವಿದ. ಆಟವಿಲ್ಲ.

ಅಷ್ಟರಲ್ಲಿ ಮಂಡಿಯಲ್ಲಿ ಲಾರಿ ಖಾಲಿ ಮಾಡತೊಡಗಿದರು.
ಧಪ್. ಧಪ್.
ನಮ್ಮ ಗುದ್ದು ಯಾವುದು, ಆಲೂಗಡ್ಡೆಯದು ಯಾವುದು?
ಸ್ಪ್ಯಾನರ್ ಹಿಡಿದಿದ್ದ ಹುಡುಗ ಯತೀಶ ನಕ್ಕ.
ಜಬೀಉಲ್ಲಾ ನಗಲಿಲ್ಲ. ಕೈ ಒರೆಸಿಕೊಂಡು
ಕಿಟಕಿಗೆ ಬಗ್ಗಿ, ಇದುವರೆಗೆ ಯಾರೂ ಕೇಳದ್ದನ್ನು ಕೇಳಿದ:
"ಸದ್ದು ಬಿಡಿ. ಎಲ್ಲಿ ತಟ್ಟುತ್ತೆ?"

ನನಗೆ ಗೊತ್ತಿತ್ತು.
ಗೊತ್ತಿದೆ ಎಂಬುದು ಗೊತ್ತಿರಲಿಲ್ಲ.
ಎತ್ತಲಾರದ ಕಾಲು, ಆದರೆ ಸೊಳ್ಳೆ ಕೂತರೂ ತಿಳಿಯುತ್ತೆ ಅದಕ್ಕೆ.
ಹೋದದ್ದು ಬಲ, ಸ್ಪರ್ಶ ಇದೆ ಎಂದು
ಎಷ್ಟು ಜನಕ್ಕೆ ಹೇಳಿ ಸೋತಿದ್ದೇನೆ.
ದಿನವೂ ಆಲೂರಿಗೆ ಹೋಗುತ್ತ ಬರುತ್ತ
ನೆಲಹಾಸಿನ ಮೇಲೆ ಸುಮ್ಮನೆ ಬಿದ್ದುಕೊಂಡು
ಎಲ್ಲ ಕೇಳಿಸಿಕೊಂಡಿತ್ತು.

"ಡಿ-ಗೆ ಹಾಕಿದರೆ ಎಡಗಾಲ ಹಿಮ್ಮಡಿಗೆ.
ಆರ್-ಗೆ ಹಾಕಿದರೆ ಅದರದೇ ಬೆರಳ ತುದಿಗೆ.
ಬಲಗಾಲಿಗೆ ಏನೂ ಇಲ್ಲ."

"ಹಂಗನ್ನಿ" ಎಂದ. ಇನ್ನೊಮ್ಮೆ ಹೇಳಿಸಿದ.
ಬಾನೆಟ್ಟು ಎತ್ತಿ ಯತೀಶನ ಕೈಗೆ ಟಾರ್ಚು ಕೊಟ್ಟು,
"ಬ್ರೇಕು ಗಟ್ಟಿ ತುಳೀರಿ. ಡಿ. ಆರ್. ಮತ್ತೆ ಡಿ."
ಬಾನೆಟ್ಟಿನ ಸಂದಿಯಿಂದ ನಾನೂ ಕಂಡೆ, ಇಂಜಿನ್ನು
ತೂಕಡಿಸುವವನ ತಲೆಯಂತೆ ಎದ್ದು, ಬಿತ್ತು.
ಗೇರ್‌ಬಾಕ್ಸಿನ ಬದಿಯ ಮೌಂಟಿನ ರಬ್ಬರು ಹರಿದು
ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತಿತ್ತು.
"ಪಾಪ, ಗೇರ್‌ಬಾಕ್ಸ್ ಏನ್ ಮಾಡ್ತದೆ,
ಕೆಲಸಕ್ಕೆ ಎದ್ದರೆ ಹಿಡ್ಕೊಳ್ಳೋರಿಲ್ಲ."

ಅಂಗೈಯಗಲದ ರಬ್ಬರು ಮೈಸೂರಿನಿಂದ ಬಂತು
ಕೆಂಪು ಬಸ್ಸಿನಲ್ಲಿ, ಕಂಡಕ್ಟರನ ಸೀಟಿನ ಕೆಳಗೆ.
ಎರಡು ಸಾವಿರದ ಏಳುನೂರು, ಕೂಲಿ ಆರುನೂರು.
ರಸೀದಿ ಕೇಳಿದೆ, ಅಭ್ಯಾಸಬಲ.
ಹರಿದ ಕ್ಯಾಲೆಂಡರಿನ ಹಾಳೆಯಲ್ಲಿ ಬರೆದುಕೊಟ್ಟ,
ವಿವರ ಎಂಬಲ್ಲಿ ಒಂದೇ ಪದ: ಗುದ್ದು.

ಪೂರ್ತಿ ಹೋಗಿಲ್ಲ.
ಬಿಸಿಯಾದಾಗ ಡಿ-ಗೆ ಇಳಿಸಿದರೆ
ಹಿಮ್ಮಡಿಗೆ ಸಣ್ಣದೊಂದು,
ಪಕ್ಕದ ಮನೆಯಲ್ಲಿ ಯಾರೋ ಬಾಗಿಲು ಹಾಕಿಕೊಂಡಂತೆ.
"ಅಷ್ಟು ಇರ್ತದೆ. ಜಾಸ್ತಿಯಾದ್ರೆ ಹೇಳಿ" ಅಂದಿದ್ದ.
ಹೇಳು ಮತ್ತೆ, ಎಂದು ಕಾಲಿಗೆ ಹೇಳಿಟ್ಟಿದ್ದೇನೆ.

ಆಲೂರಿನ ಗೇಟು ಬಿದ್ದಿದೆ. ರೈಲಿನ್ನೂ ಕಾಣುತ್ತಿಲ್ಲ.
ಎನ್-ನಲ್ಲಿ ನಿಂತಿದ್ದೇವೆ.