ಹಲ್ಲಿನೊಳಗಿನ ಗಾಳಿ

ಫಾರಮ್ಮಿನ ಏಳನೇ ಪ್ರಶ್ನೆ:
ಇತ್ತೀಚೆಗೆ ಹಲ್ಲು ಬೆಳ್ಳಗೆ ಮಾಡಿಸಿದ್ದೀರಾ?
ಇಲ್ಲ ಎಂದು ಗೀಟು ಹಾಕಿದೆ.
ಮಾಡಿಸಿ ಬರೀ ನಾಲ್ಕು ದಿನವಾಗಿತ್ತು.
ಬ್ಯಾಲರಾಟಿನ ಮಾಲಿನೊಳಗೆ, ಮೊಬೈಲು ಕವರು ಮಾರುವವನ ಪಕ್ಕ
ನೀಲಿ ದೀಪಕ್ಕೆ ಬಾಯಿ ಒಡ್ಡಿ ಕೂತು
ಒಂದು ವಾರದ ರಾತ್ರಿಪಾಳಿ ಭತ್ಯೆ ತೆತ್ತಿದ್ದೆ.

ನಲವತ್ತು ವರ್ಷ ನನ್ನ ಬಾಯಲ್ಲಿ
ಪಾವಗಡದ ಬೋರ್‌ವೆಲ್ಲಿತ್ತು.
ಊರಿಗೆ ಊರೇ ಕಂದು ಹಲ್ಲು,
ಅಲ್ಲಿ ಯಾರೂ ಯಾರನ್ನೂ ನೋಡಿ ನಗುತ್ತಿರಲಿಲ್ಲ.
ಅಂದರೆ ನಗುತ್ತಿದ್ದೆವು, ಹಲ್ಲು ಕಂಡಲ್ಲ.
ತುಮಕೂರಿನ ಹಾಸ್ಟೆಲಿನಲ್ಲಿ ಮೊದಲ ವಾರವೇ
ಒಬ್ಬಳು ಕೇಳಿದಳು:
ಇಷ್ಟು ಸಣ್ಣವಳು, ಎಲೆಅಡಿಕೆ ಹಾಕ್ತೀಯೇನೇ?
ಅವತ್ತಿನಿಂದ ಕೈ ಮೊದಲು ಬರುತ್ತಿತ್ತು,
ನಗು ಆಮೇಲೆ.

ಕ್ವಿರ್ಕ್ ಡಾಕ್ಟರಮ್ಮ ಆಸಿಡ್ಡು ಸವರಿ, ತೊಳೆದು, ಊದಿ,
ಅಕ್ಕಿಕಾಳಿಗಿಂತ ಚಿಕ್ಕ ಕ್ಲಿಪ್ಪುಗಳನ್ನು
ರಂಗೋಲಿಗೆ ಚುಕ್ಕಿಯಿಟ್ಟಂತೆ ಒಂದೊಂದಾಗಿ ಇಟ್ಟರು.
ದೀಪ ಹಿಡಿದರು, ಅದೂ ನೀಲಿಯೇ.
ಚೆಂದದ ಹಲ್ಲು, ಎಂದರು.
ನನ್ನ ಜನ್ಮದಲ್ಲಿ ಯಾರೂ ಅಂದಿರಲಿಲ್ಲ.
ಸುಳ್ಳು ಹೇಳಿದ್ದು ಆ ಒಂದು ಮಾತಿಗೇ ಇರಬೇಕು.

ಗುರುವಾರ. ಬ್ರೆಡ್ಡು ಕಾರ್ಖಾನೆ. ಬೆಳಗಿನ ಜಾವ ಮೂರೂಕಾಲು.
ಮಾಸ್ಕು ಗಲ್ಲಕ್ಕೆ ಇಳಿಸಿದ್ದೆ, ತಪ್ಪೇ.
ಥುಯ್ ಸೂಪರ್‌ವೈಸರನ ನಡಿಗೆ ನಡೆದು ತೋರಿಸಿದಳು.
ನನ್ನ ಎರಡೂ ಕೈ ಮೊಣಕೈವರೆಗೆ ಹಿಟ್ಟಿನಲ್ಲಿ.
ಮುಚ್ಚಿಕೊಳ್ಳಲು ಕೈಯಿಲ್ಲದೆ
ಪೂರ್ತಿ ನಕ್ಕುಬಿಟ್ಟೆ.
ಆಗ ಏನೂ ಸದ್ದಾಗಲಿಲ್ಲ.

ಸದ್ದಾದದ್ದು ಮೂರು ತಾಸಿನ ಮೇಲೆ.
ಲೋಹ ಹುಡುಕುವ ಯಂತ್ರ
ಕೆಂಪು ಕಣ್ಣು ಬಿಟ್ಟು ಅರಚಿಕೊಂಡಿತು.
ಸಿಕ್ಕಿಬಿದ್ದದ್ದು ಒಂದೇ ಬ್ರೆಡ್ಡು, ಆದರೂ ನಿಯಮ ನಿಯಮವೇ,
ನಾನೂರಾ ಹನ್ನೆರಡು ಬ್ರೆಡ್ಡು ತೊಟ್ಟಿಗೆ.
ಡೀನ್ ತಟ್ಟೆಯಲ್ಲಿಟ್ಟು ತಂದ:
ಸುಟ್ಟ ಹಿಟ್ಟು ಮೆತ್ತಿದ ಒಂದು ಚುಕ್ಕಿ.
ಯಾರದಿದು?
ನನ್ನ ನಾಲಗೆ ಎಡಗಡೆ ಕೋರೆಹಲ್ಲನ್ನು ತಡವಿತು.
ನುಣ್ಣಗಿತ್ತು.
ಹಲ್ಲುಕಚ್ಚಿ ಸುಮ್ಮನಿದ್ದುಬಿಡೋಣ ಅಂದುಕೊಂಡೆ.
ಕಚ್ಚಿದೆ. ಇನ್ನೊಂದು ಉದುರಿತು.
ಓಬು, ಅಂದ ಡೀನ್, ಅಷ್ಟೇ ಅಂದ.

ಡಾಕ್ಟರಮ್ಮ ಬೈಯಲಿಲ್ಲ.
ಕನ್ನಡಕ ಒರೆಸುತ್ತ ಹೇಳಿದರು:
ಬೆಳ್ಳಗೆ ಮಾಡುವ ಔಷಧಿ
ಹಲ್ಲಿನೊಳಗೆ ಆಮ್ಲಜನಕ ಬಿಟ್ಟುಹೋಗುತ್ತದೆ.
ಅಂಟಿಗೂ ಅದಕ್ಕೂ ಆಗಿಬರುವುದಿಲ್ಲ,
ಅದಿರುವಷ್ಟು ದಿನ ಇದು ಗಟ್ಟಿಯಾಗುವುದಿಲ್ಲ.
ಉಳಿದವನ್ನೂ ತೆಗೆಯುತ್ತೇನೆ.
ಮೂರು ವಾರ ಬಿಟ್ಟು ಬನ್ನಿ,
ಹಲ್ಲು ಉಸಿರು ಬಿಡಲಿ.

ಕಲ್ಲಿನಂಥದು ಉಸಿರಾಡುತ್ತದೆಂದು ನನಗೇನು ಗೊತ್ತು?
ನೀರು ಕುಡಿಯುತ್ತದೆಂದು ಗೊತ್ತಿತ್ತು.
ಕುಡಿದದ್ದನ್ನು ನಲವತ್ತು ವರ್ಷ ಹಿಡಿದುಕೊಂಡ ಹಲ್ಲು
ಈ ಗಾಳಿಯನ್ನು ಮಾತ್ರ
ಮೂರೇ ವಾರಕ್ಕೆ ಬಿಟ್ಟುಕೊಡುತ್ತದಂತೆ.
ಕೆಳಗಿನ ಎರಡರಲ್ಲಿ ಇನ್ನೂ ಕಂದು ಉಳಿದಿದೆ,
ಮತ್ತೆ ಮಾಡಿಸಬೇಕೆಂದರೆ ಕ್ಲಿಪ್ಪು ಬಿಚ್ಚಿದ ಮೇಲೆ, ಎಂದರು.
ಇರಲಿ ಬಿಡಿ, ಅಂದೆ.
ಏಳನೇ ಪ್ರಶ್ನೆಯ ಗೀಟು ಹೊಡೆದುಹಾಕಿ
ಪಕ್ಕದಲ್ಲಿ ಸಹಿ ಹಾಕಿದೆ.

ಇವತ್ತಿಗೆ ಹನ್ನೊಂದನೇ ದಿನ.
ಕೆಲಸ ಹೋಗಲಿಲ್ಲ. ಪ್ಯಾಕಿಂಗಿಗೆ ಹಾಕಿದ್ದಾರೆ.
ಪಾಳಿ ಮುಗಿಸಿ ವೆಂಡೂರಿ ಕೆರೆಯ ಹತ್ತಿರ ಬಸ್ಸು ಕಾಯುತ್ತೇವೆ,
ಜುಲೈ ಚಳಿಗೆ ಕಪ್ಪು ಹಂಸಗಳು
ರೆಕ್ಕೆಯೊಳಗೆ ತಲೆಯಿಟ್ಟು ನಿದ್ದೆ.
ಬಾಯಿ ತೆರೆದು ಉಸಿರು ಬಿಟ್ಟರೆ ಬಿಳೀ ಹೊಗೆ.
ಅದರಲ್ಲಿ ಹಲ್ಲಿನದೆಷ್ಟು, ನನ್ನದೆಷ್ಟು.

ಇನ್ನು ಹತ್ತು ದಿನ ಕಬ್ಬಿಣವಿಲ್ಲ, ಏನು ಮಾಡುತ್ತೀ?
ಎಂದು ಥುಯ್ ಮತ್ತೆ ಡೀನನ ಹಾಗೆ ನಡೆದಳು
ಬಸ್‌ಸ್ಟಾಪಿನ ಆ ತುದಿಯಿಂದ ಈ ತುದಿಗೆ.
ಅಭ್ಯಾಸಕ್ಕೆ ಕೈ ಎದ್ದಿತು.
ಗಲ್ಲದವರೆಗೆ ಬಂದು,
ಅಲ್ಲೇ ಸ್ವಲ್ಪ ತುರಿಸಿಕೊಂಡು,
ಕೆಳಗಿಳಿಯಿತು.