ಕಂಕುಳಲ್ಲಿ ಸಿಕ್ಕ ನೀಲಿ

ವಾಲ್ಪರೈಸೊದ ಗುಡ್ಡದ ಮೇಲೆ, ತಗಡು ಗೋಡೆಯ ನನ್ನ ಅಂಗಡಿಗೆ
ಬಾಲ್ತಸಾರ್ ಬಂದದ್ದು ಮಂಗಳವಾರ,
ಮೆಟ್ಟಿಲು ಎಣಿಸುತ್ತ. ನೂರ ಅರವತ್ತೆರಡು.
ಮೊದಲು ಇಷ್ಟಿರಲಿಲ್ಲ ಎಂದು ಗೊಣಗುತ್ತ.

ಬಂದರಿನಲ್ಲಿ ಕ್ರೇನು ನಡೆಸಿದ ಕೈ.
ಅಂಗಿ ಬಿಚ್ಚಿದ. ಎಡತೋಳಿನಲ್ಲಿ ಒಂದು ದೋಣಿ,
ಅದರ ಕೆಳಗೆ ಆರೋ ಏಳೋ ಅಕ್ಷರ,
ಒದ್ದೆ ಕಾಗದದ ಮೇಲಿನ ಶಾಯಿಯಂತೆ ಹಬ್ಬಿಕೊಂಡಿವೆ.
ಕಂಕುಳಲ್ಲಿ ಹೊಸ ಹೊಲಿಗೆ.

'ಗಂಟಿತ್ತು,' ಅಂದ. 'ಕ್ಯಾನ್ಸರ್ ಇರಬಹುದೆಂದು ಕೊಯ್ದರು.
ಡಾಕ್ಟರು ಚಿಕ್ಕ ಹುಡುಗಿ. ಬಟ್ಟಲಲ್ಲಿಟ್ಟು ತೋರಿಸಿದಳು.
ನೀಲಿ, ಒಫೇಲಿಯಾ!
ಕಡಲೆಕಾಳಿನಷ್ಟು, ಮಸಿಕುಡಿಕೆಯಲ್ಲಿ ಅದ್ದಿ ತೆಗೆದ ಹಾಗೆ.
ಕ್ಯಾನ್ಸರ್ ಅಲ್ಲ ತಾತ, ನಿಮ್ಮ ಹಚ್ಚೆ, ಅಂದಳು.
ತೋಳಿಂದ ಇಲ್ಲಿಗೆ ನಡೆದು ಬಂದಿದೆಯಂತೆ,
ಐವತ್ತು ವರ್ಷಕ್ಕೆ ಒಂದು ಗೇಣು.'

ಐವತ್ತಲ್ಲ, ಅಂದೆ. ಬಹುಪಾಲು ಮೊದಲ ವಾರಗಳಲ್ಲೇ ಹೊರಟದ್ದು.
ಹೊರಟದ್ದು ಕೊಂಚ. ಉಳಿದದ್ದೇ ಹೆಚ್ಚು.

'ಅದೇ ಕೇಳೋಣ ಅಂತ ಬಂದೆ.
ದಿನಾ ಹಾಸಿಗೆ ಕೊಡವಿದರೆ ಚರ್ಮದ ಹೊಟ್ಟು.
ಇಷ್ಟು ವರ್ಷದಲ್ಲಿ ಎಷ್ಟು ಬಾಲ್ತಸಾರ್ ಉದುರಿರಬೇಕು.
ಇದು ಮಾತ್ರ ಯಾಕೆ ಉದುರಲಿಲ್ಲ?'

ಮೂವತ್ತೊಂದು ವರ್ಷ ಸೂಜಿ ಹಿಡಿದವಳು ನಾನು.
ಎಲ್ಲರೂ ಕೇಳುವುದು ಎಷ್ಟು ದುಡ್ಡು, ಎಷ್ಟು ನೋವು.
ಇದನ್ನು ಕೇಳಿದವರಿಗೆ ಒಂದೇ ಉತ್ತರ ಇಟ್ಟಿದ್ದೆ:
ಮೇಲಿನ ಪದರ ಬಾಡಿಗೆಯವರದು, ತಿಂಗಳಿಗೊಮ್ಮೆ ಖಾಲಿ.
ನನ್ನ ಸೂಜಿ ಕೆಳಗಿನ ಮನೆಗೆ ಇಳಿಯುತ್ತದೆ.
ಅದು ಅರ್ಧ ಮಾತು.
ಮಿಕ್ಕರ್ಧ ಹೇಳಿಕೊಟ್ಟದ್ದು ಅಕ್ಕನ ಮಗಳು,
ಸಾಂತಿಯಾಗೋದ ಲ್ಯಾಬಿನಲ್ಲಿ ಇಲಿಗಳ ಬಾಲ ನೋಡುವವಳು.

ಚರ್ಮದ ಒಳಗೆ ಕಾವಲಿನ ಕಣಗಳಿವೆ, ಬಾಲ್ತಸಾರ್.
ಸೂಜಿ ಚುಚ್ಚಿದ ಕಡೆ ಓಡಿ ಬರುತ್ತವೆ,
ಸಿಕ್ಕಿದ್ದನ್ನು ತಿನ್ನುವುದೇ ಅವುಗಳ ಉದ್ಯೋಗ:
ರೋಗದ ಹುಳ, ಸತ್ತ ಚೂರು, ಮುಳ್ಳಿನ ಪುಡಿ.
ಮಸಿಯನ್ನೂ ನುಂಗಿದವು.
ಅದು ಅರಗಲಿಲ್ಲ.
ಉಗುಳುವುದು ಅವಕ್ಕೆ ಗೊತ್ತಿಲ್ಲ.
ಕಪ್ಪು ತುಂಬಿದ ಹೊಟ್ಟೆ ಹೊತ್ತು ಅಲ್ಲೇ ಕೂತವು.
ನಾವು ಹಚ್ಚೆ ಎಂದು ಓದುತ್ತಿರುವುದು
ಅವುಗಳ ಅಜೀರ್ಣವನ್ನು.

ಅವನು ನಕ್ಕ. ಹೊಲಿಗೆ ಎಳೆದು, ನಿಲ್ಲಿಸಿದ.

ಅಷ್ಟೇ ಅಲ್ಲ. ಅವೂ ಸಾಯುತ್ತವೆ.
ಸತ್ತದ್ದರ ಹೊಟ್ಟೆಯಿಂದ ಮಸಿ ಹೊರಬೀಳುತ್ತದೆ,
ಪಕ್ಕದ್ದು ತಕ್ಷಣ ಎತ್ತಿ ಬಾಯಿಗೆ ಹಾಕಿಕೊಳ್ಳುತ್ತದೆ.
ಮತ್ತೆ ಅದೇ ಅಜೀರ್ಣ.
ಕೈ ಬದಲಾಗುವಾಗ ಒಂದಿಷ್ಟು ಆಚೀಚೆ,
ಅದಕ್ಕೇ ನಿನ್ನ ಅಕ್ಷರ ಊದಿಕೊಂಡಿವೆ.
ಈ ದೋಣಿಯನ್ನು ಮೊದಲು ಹಿಡಿದಿದ್ದವರು
ಯಾರೂ ಈಗ ಬದುಕಿಲ್ಲ.

ಅವನು ಕಿಟಕಿಯ ಕಡೆ ನೋಡಿದ.
ಕೆಳಗೆ ಕಂಟೇನರುಗಳು, ಕೆಂಪು, ಹಳದಿ.
'ನೆರೆಯ್ದ,' ಅಂದ. 'ದೋಣಿಯ ಹೆಸರು.
ತಮ್ಮ ಲಿಸಾಂದ್ರೊ ಮೀನಿಗೆ ಹೋದದ್ದು ಅದರಲ್ಲಿ.
ಹಲಗೆ ಒಂದು ಸಿಕ್ಕಿತು. ಬಣ್ಣ ನೋಡಿ ಗುರುತು ಹಿಡಿದೆವು.
ಹಚ್ಚೆ ಹಾಕಿದವನು ನನಗಿಂತ ಹೆಚ್ಚು ಕುಡಿದಿದ್ದ.
ಒಂದು ಅಕ್ಷರ ತಿರುಗುಮುರುಗು.'

ತಿದ್ದಲೇ? ಅಂದೆ. ತಲೆಯಾಡಿಸಿದ, ಬೇಡ.

'ಆ ಕಾಳು ಇತ್ತಲ್ಲ, ಬಟ್ಟಲಲ್ಲಿ.
ಅದನ್ನು ಎಲ್ಲೋ ಎಸೆದಿರುತ್ತಾರೆ.
ಅದು ಯಾವ ಅಕ್ಷರದ್ದು?'

ದೀಪ ಎಳೆದೆ, ಭೂತಗನ್ನಡಿ ಹಿಡಿದೆ,
ಹೆಬ್ಬೆರಳಿನಿಂದ ಚರ್ಮ ಬಿಗಿ ಮಾಡಿ ಒಂದೊಂದನ್ನೂ ನೋಡಿದೆ,
ತಿರುಗುಮುರುಗಾದದ್ದನ್ನು ಎರಡು ಸಲ.
ಎಲ್ಲದರಲ್ಲೂ ಒಂದಿಷ್ಟು ಕಡಿಮೆಯಿತ್ತು.
ಹಾಗೆಂದು ಹೇಳಿದೆ.

'ಒಂದು ಚುಕ್ಕೆ ಇಡು ಹಾಗಾದರೆ,' ಅಂದ,
'ಎಲ್ಲಾದರೂ. ಹೋದದ್ದಕ್ಕೆ ಬದಲು.'

ಹೊಲಿಗೆ ಆರಲಿ, ಆಗಸ್ಟಿನಲ್ಲಿ ಬಾ, ಅಂದೆ.
ದುಡ್ಡು ತೆಗೆದ; ತಗೊಳ್ಳಲಿಲ್ಲ.
ಅಂಗಿಯ ಗುಂಡಿಯನ್ನು ತಪ್ಪು ಕಾಜಿಗೆ ಸಿಕ್ಕಿಸಿ ಹೊರಟ.
ಇಳಿಯುವಾಗಲೂ ಎಣಿಸುತ್ತಿದ್ದದ್ದು ಕೇಳಿಸಿತು,
ನಲವತ್ತರ ಹತ್ತಿರ ಎಲ್ಲೋ ತಪ್ಪಿ,
ನಿಂತು,
ಮತ್ತೆ ಒಂದರಿಂದ.